ಅಮ್ಮನ ಮರೆವಿಗೆ ಟ್ಯಾಬ್ ಕೊಟ್ಟ ಅಂಕವನ್ನು ನಂಬಬೇಕೇ?

ಪ್ರಶ್ನೆ: ನನ್ನ ತಾಯಿಗೆ 71 ವರ್ಷ. ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದಾರೆ. ಮೂರು ವರ್ಷಗಳ ಹಿಂದೆ ತಂದೆಯವರು ತೀರಿಕೊಂಡರು. ಸುಮಾರು ಒಂದು ವರ್ಷದಿಂದ ಅಮ್ಮ ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ, ಸಾರಿಗೆ ಎರಡು ಸಲ ಉಪ್ಪು ಹಾಕಿಬಿಡುತ್ತಾರೆ. ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದವರು ಅವರೇ, ಈಗ ಅದು ತಪ್ಪುತ್ತಿದೆ. ಅಮೆರಿಕದಿಂದ ಬಂದಿದ್ದ ನನ್ನ ತಮ್ಮ ಟ್ಯಾಬಿನಲ್ಲಿ ಒಂದು ನೆನಪಿನ ಪರೀಕ್ಷೆ ಮಾಡಿಸಿದ. 'ವಯಸ್ಸಿಗೆ ಹೋಲಿಸಿದರೆ ಸರಾಸರಿಗಿಂತ ಬಹಳ ಕಡಿಮೆ' ಎಂದು ಕೆಂಪು ಅಕ್ಷರದಲ್ಲಿ ಬಂತು. ಅಂದಿನಿಂದ ಅಮ್ಮ ಮಂಕಾಗಿದ್ದಾರೆ. ಈ ಪರೀಕ್ಷೆಯನ್ನು ನಂಬಬಹುದೇ? ತಿಂಗಳಿಗೊಮ್ಮೆ ಮಾಡಿಸುತ್ತಿರು ಎಂದು ತಮ್ಮ ಹೇಳುತ್ತಾನೆ. ಹಣ ಕಟ್ಟಿದರೆ ಅದೇ ಆ್ಯಪಿನಲ್ಲಿ ಮೆದುಳಿಗೆ ವ್ಯಾಯಾಮ ಕೊಡುವ ಆಟಗಳೂ ಸಿಗುತ್ತವಂತೆ. ಅಮ್ಮನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ತಂದೆ ಹೋದಾಗಿನಿಂದ ರಾತ್ರಿ ನಿದ್ದೆ ಮಾತ್ರೆ ಇದೆ. ಎಡಗಿವಿ ಸ್ವಲ್ಪ ಮಂದ.
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಮೊದಲು ನೇರ ಉತ್ತರ. ಆ ಕೆಂಪು ಅಕ್ಷರವನ್ನು ಪಕ್ಕಕ್ಕಿಡಿ, ಆದರೆ ಅಮ್ಮನನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಹೋಗಬೇಕಾದದ್ದು ಟ್ಯಾಬ್ ಹೇಳಿತೆಂದಲ್ಲ, ಹಾಲಿನ ಲೆಕ್ಕ ತಪ್ಪುತ್ತಿದೆ ಎಂದು ನೀವು ಹೇಳುತ್ತಿರುವುದಕ್ಕೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದೂ ಅಲ್ಲಿಯೇ. ಉಪ್ಪು ಎರಡು ಸಲ ಬೀಳುವುದು ಯಾರ ಅಡುಗೆಮನೆಯಲ್ಲಾದರೂ ಆಗುವಂಥದ್ದು. ವರ್ಷಗಟ್ಟಲೆ ತಪ್ಪದೆ ಮಾಡಿಕೊಂಡು ಬಂದ ಒಂದು ಲೆಕ್ಕ ಕೈಬಿಟ್ಟು ಹೋಗುವುದು ಬೇರೆ ಮಾತು. 'ಅರವತ್ತಕ್ಕೆ ಅರಳುಮರಳು' ಎಂದು ಅದನ್ನು ತಳ್ಳಿಹಾಕಬಾರದು.

ಇನ್ನು ಆ ಟ್ಯಾಬ್ ಅಳೆದದ್ದು ಏನು? ಕಂಪ್ಯೂಟರ್ ಆಧಾರಿತ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ಮೋಸ ಎನ್ನುವವರ ಸಾಲಿನಲ್ಲಿ ನಾನಿಲ್ಲ. ಇವುಗಳ ಹಿಂದೆ ಗಟ್ಟಿಯಾದ ಕೆಲಸವಿದೆ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ರೂಪುಗೊಂಡ ಕ್ಯಾಂಟ್ಯಾಬ್ ಎಂಬ ಪರೀಕ್ಷಾ ಗುಚ್ಛದಲ್ಲಿ ಒಂದು ಭಾಗ ಹೀಗಿದೆ. ಪರದೆಯ ಮೇಲೆ ಸುತ್ತಲೂ ಬಿಳಿ ಡಬ್ಬಿಗಳು. ಒಂದೊಂದೇ ಡಬ್ಬಿ ತೆರೆದು ಮುಚ್ಚುತ್ತದೆ, ಕೆಲವುದರೊಳಗೆ ಬಣ್ಣದ ಒಂದು ವಿನ್ಯಾಸವಿರುತ್ತದೆ. ಎಲ್ಲ ಮುಚ್ಚಿದ ಮೇಲೆ ಅದೇ ವಿನ್ಯಾಸ ನಡುವೆ ಕಾಣಿಸುತ್ತದೆ, ಅದು ಯಾವ ಡಬ್ಬಿಯಲ್ಲಿತ್ತೋ ಅದನ್ನು ಮುಟ್ಟಬೇಕು. ವಿನ್ಯಾಸಗಳ ಸಂಖ್ಯೆ ಹಂತ ಹಂತವಾಗಿ ಏರುತ್ತ ಹೋಗುತ್ತದೆ. ನೋಡಲು ಮಕ್ಕಳ ಆಟ. ಆದರೆ 'ಯಾವುದು, ಎಲ್ಲಿ' ಎಂಬ ಎರಡನ್ನು ಹೊಸದಾಗಿ ಜೋಡಿಸಿ ಇಟ್ಟುಕೊಳ್ಳುವ ಕೆಲಸ ಮೆದುಳಿನ ಹಿಪೊಕ್ಯಾಂಪಸ್ ಮತ್ತು ಅದರ ಸುತ್ತಲಿನ ಭಾಗದ್ದು. ಆಲ್ಝೈಮರ್ ಕಾಯಿಲೆ ಬಹುತೇಕರಲ್ಲಿ ಮೊದಲು ಕೈಯಿಡುವುದೂ ಅಲ್ಲಿಗೇ. ಹಾಗಾಗಿ ಈ ಆಟದಲ್ಲಿ ಆಗುವ ತಪ್ಪುಗಳಿಗೆ ಬೆಲೆಯಿದೆ.

ಕಾಗದ ಪೆನ್ಸಿಲಿಗೆ ಸಾಧ್ಯವಾಗದ ಇನ್ನೊಂದು ಕೆಲಸವನ್ನೂ ಯಂತ್ರ ಮಾಡುತ್ತದೆ. ಗಡಿಯಾರದ ಚಿತ್ರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎಂದು ನಾವು ಕೇಳುವುದು ಹಳೆಯ ಪದ್ಧತಿ. ಕಾಗದದಲ್ಲಿ ನಮಗೆ ಸಿಗುವುದು ಮುಗಿದ ಚಿತ್ರ ಮಾತ್ರ. ಡಿಜಿಟಲ್ ಪೆನ್ನಿನಲ್ಲಿ ಬರೆಸಿದರೆ, ಎರಡನೆಯ ಮುಳ್ಳು ಎಳೆಯುವ ಮುನ್ನ ಕೈ ಎಷ್ಟು ಹೊತ್ತು ಗಾಳಿಯಲ್ಲಿ ನಿಂತಿತು ಎಂಬುದೂ ದಾಖಲಾಗುತ್ತದೆ. ಚಿತ್ರ ಸರಿಯಾಗಿಯೇ ಇದ್ದರೂ ಆ ತಡವರಿಕೆ ಏನನ್ನೋ ಹೇಳಬಹುದು. ಬೇಸರವಿಲ್ಲದೆ, ಪ್ರತಿಯೊಬ್ಬರನ್ನೂ ಒಂದೇ ದನಿಯಲ್ಲಿ, ಒಂದೇ ವೇಗದಲ್ಲಿ ಕೇಳುವುದು ಯಂತ್ರದ ಮತ್ತೊಂದು ಗುಣ. ಹೊರರೋಗಿ ವಿಭಾಗದಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನಲವತ್ತನೆಯ ರೋಗಿಯನ್ನು ನೋಡುವ ವೈದ್ಯರಲ್ಲಿ ಆ ಗುಣವನ್ನು ನಿರೀಕ್ಷಿಸುವುದು ಕಷ್ಟ.

ಇಷ್ಟೆಲ್ಲ ಸರಿ. ತೊಡಕು ಇರುವುದು ಅಳತೆಯಲ್ಲಿ ಅಲ್ಲ, ಹೋಲಿಕೆಯಲ್ಲಿ. 'ಸರಾಸರಿಗಿಂತ ಕಡಿಮೆ' ಎಂದರೆ ಯಾರ ಸರಾಸರಿ? ನಿಮ್ಮ ತಮ್ಮ ತಂದ ಆ್ಯಪ್ ಅಮೆರಿಕದ್ದಾದರೆ ಅದರ ಸರಾಸರಿ ಬಹುಶಃ ಹನ್ನೆರಡು, ಹದಿನಾರು ವರ್ಷ ಓದಿದ, ಬ್ಯಾಂಕಿನ ಯಂತ್ರದಿಂದ ಹಿಡಿದು ಫೋನಿನವರೆಗೆ ಪರದೆ ಮುಟ್ಟಿ ಅಭ್ಯಾಸವಿರುವ ಜನರದ್ದು. ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ 71 ವರ್ಷದ ಹೆಣ್ಣುಮಗಳನ್ನು ಅವರ ಪಕ್ಕ ನಿಲ್ಲಿಸಿದರೆ ಕೆಂಪು ಅಕ್ಷರ ಬಾರದೆ ಇನ್ನೇನು ಬರುತ್ತದೆ? ಮಾಂಟ್ರಿಯಲ್‌ನಲ್ಲಿ ಸಿದ್ಧವಾಗಿ 2005ರಲ್ಲಿ ಪ್ರಕಟವಾದ, ಈಗ ಜಗತ್ತಿನಾದ್ಯಂತ ಬಳಕೆಯಲ್ಲಿರುವ, ನೆನಪು ಬುದ್ಧಿಗಳನ್ನು ಅಳೆಯುವ ಮೋಕಾ ಪರೀಕ್ಷೆ 30 ಅಂಕಗಳದ್ದು. ಓದು ಹನ್ನೆರಡು ವರ್ಷ ಮೀರದವರಿಗೆ ಅದು ಕೊಡುವ ರಿಯಾಯಿತಿ ಒಂದೇ ಒಂದು ಅಂಕ. ಹನ್ನೆರಡು ವರ್ಷ ಓದಿದವರಿಗೂ ಒಂದು, ಏಳು ವರ್ಷ ಓದಿದವರಿಗೂ ಒಂದು, ಶಾಲೆಯ ಮೆಟ್ಟಿಲನ್ನೇ ಹತ್ತದವರಿಗೂ ಒಂದು. ಹೆಸರಾಂತ ಪರೀಕ್ಷೆಯ ಪಾಡೇ ಹೀಗಿರುವಾಗ ಆ್ಯಪ್‌ಗಳ ಮಾತು ಬೇಡ.

ಪರೀಕ್ಷೆಯ ಸಾಮಗ್ರಿಯೂ ಲೆಕ್ಕಕ್ಕೆ ಬರುತ್ತದೆ. ಒಂದು ಪ್ರಸಿದ್ಧ ಕಂಪ್ಯೂಟರ್ ಪರೀಕ್ಷೆ ಪೂರ್ತಿಯಾಗಿ ಇಸ್ಪೀಟು ಎಲೆಗಳಲ್ಲೇ ನಡೆಯುತ್ತದೆ. ಎಲೆ ಮಗುಚುತ್ತದೆ, ಇದನ್ನು ಮೊದಲೇ ನೋಡಿದ್ದೀರಾ, ಹೌದೇ ಅಲ್ಲವೇ ಎಂದು ಒತ್ತಬೇಕು. ಯಾವ ಭಾಷೆಯವರಿಗಾದರೂ ನಡೆಯುತ್ತದೆ ಎಂಬುದು ಅದನ್ನು ರೂಪಿಸಿದವರ ಲೆಕ್ಕಾಚಾರ. 'ನಮ್ಮ ಮನೆಯಲ್ಲಿ ಇಸ್ಪೀಟು ಮುಟ್ಟಿದವರೇ ಇಲ್ಲ' ಎಂದು ಕೈ ಹಿಂದಕ್ಕೆಳೆದುಕೊಳ್ಳುವ ಅಜ್ಜಿಯನ್ನು ಅವರು ಕಂಡಿರಲಿಕ್ಕಿಲ್ಲ. ಇನ್ನು ಬೆರಳು. ವಯಸ್ಸಾದವರ ಬೆರಳ ತುದಿ ಒಣಗಿರುತ್ತದೆ, ಪರದೆ ಅದನ್ನು ಗುರುತಿಸುವುದಿಲ್ಲ. ಆಗ ಅವರು ಡೋರ್‌ಬೆಲ್ ಒತ್ತಿದ ಹಾಗೆ ಒತ್ತಿ ಹಿಡಿಯುತ್ತಾರೆ. ಪರದೆಗೆ ಅದು ಮುಟ್ಟಿದಂತೆ ಅಲ್ಲ, ಬೇರೆಯೇ ಅಪ್ಪಣೆ, ಇನ್ನೇನೋ ತೆರೆದುಕೊಳ್ಳುತ್ತದೆ. ಅವರು ಗಾಬರಿಯಾಗಿ ಮಗನ ಮುಖ ನೋಡುತ್ತಾರೆ. ಅಷ್ಟರಲ್ಲಿ ಮೂರು ಸೆಕೆಂಡ್ ಕಳೆದಿರುತ್ತದೆ, ಮಿಲಿಸೆಕೆಂಡ್ ಎಣಿಸುವ ಯಂತ್ರ ಆ ಮೂರು ಸೆಕೆಂಡನ್ನು 'ಮೆದುಳಿನ ವೇಗ' ಎಂದು ಬರೆದುಕೊಳ್ಳುತ್ತದೆ. ಪೊರೆ ಬಂದ ಕಣ್ಣು, ಮಂದವಾದ ಕಿವಿ, ಬೆನ್ನ ಹಿಂದೆ ನಿಂತು 'ಅಮ್ಮಾ, ಬೇಗ ಬೇಗ' ಎನ್ನುವ ಮಗ, ಇವೆಲ್ಲವೂ ಅಂಕಪಟ್ಟಿಯಲ್ಲಿ ಮರೆವಿನ ವೇಷ ಹಾಕಿಕೊಂಡೇ ಕಾಣಿಸುತ್ತವೆ. (ನಿಮ್ಮ ತಮ್ಮನನ್ನು ಬಯ್ಯುತ್ತಿಲ್ಲ. ದೂರದಲ್ಲಿರುವ ಮಕ್ಕಳಿಗೆ ಕೈಗೆ ಸಿಗುವುದು ಇಂಥ ಸಾಧನಗಳೇ.)

ನಮ್ಮಲ್ಲಿ ಈ ಕಷ್ಟ ಹೊಸದಲ್ಲ, ಉತ್ತರ ಹುಡುಕಿದವರೂ ಇದ್ದಾರೆ. 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಓದುಬರಹ ಬಾರದ ಹಿರಿಯರಿಗಾಗಿಯೇ ಹಿಂದಿಯಲ್ಲಿ ಒಂದು ಪರೀಕ್ಷೆಯನ್ನು ರೂಪಿಸಿದರು. ಮೂಲ ಇಂಗ್ಲಿಷ್ ಪರೀಕ್ಷೆಯಲ್ಲಿ 'ಕಣ್ಣು ಮುಚ್ಚಿ' ಎಂದು ಬರೆದದ್ದನ್ನು ಓದಿ ಹಾಗೆ ಮಾಡಬೇಕಿತ್ತು. ಇಲ್ಲಿ ಪರೀಕ್ಷಕರೇ ಕಣ್ಣು ಮುಚ್ಚಿ ತೋರಿಸಿ, ನಾನು ಮಾಡಿದಂತೆ ಮಾಡಿ ಎಂದರು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಿಂದಿ, ಬಂಗಾಳಿ, ತೆಲುಗು, ಕನ್ನಡ ಮತ್ತು ಮಲಯಾಳಂ ಭಾಷೆಗಳಲ್ಲಿ ಒಂದು ಪರೀಕ್ಷಾ ಗುಚ್ಛವನ್ನು ಸಿದ್ಧಪಡಿಸಿತು. ಭಾಷೆಯ ಜೊತೆಗೆ ಓದಿನ ಅಂತರವನ್ನೂ ಗಮನದಲ್ಲಿಟ್ಟುಕೊಂಡದ್ದು ಅದರ ವಿಶೇಷ. ಕಂಪ್ಯೂಟರಿನ ಮಾತಿಗೆ ಬಂದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಳ ಕಾಲ ಗಮನಿಸುತ್ತ ಬರುವ ದೊಡ್ಡ ಅಧ್ಯಯನವೊಂದನ್ನು ನಡೆಸುತ್ತಿದ್ದಾರೆ. ಅಲ್ಲಿ ಬಳಸುವುದು ಕಾಗ್ನಿಟೊ ಎಂಬ ಟಚ್‌ಸ್ಕ್ರೀನ್ ಪರೀಕ್ಷೆ. ಹಳ್ಳಿಯ ಜನರಿಗೆ ಪರದೆ ಒಗ್ಗುವುದಿಲ್ಲ ಎಂದು ತೀರ್ಪು ಕೊಡುವವರು ಇದನ್ನು ನೋಡಬೇಕು. ಆದರೆ ಅಲ್ಲಿ ತರಬೇತಿ ಪಡೆದವರು ಪಕ್ಕದಲ್ಲಿ ಕುಳಿತು ಪರೀಕ್ಷೆ ನಡೆಸುತ್ತಾರೆ, ಆ ಊರಿನವರನ್ನು ಆ ಊರಿನವರ ಜೊತೆಗೇ ಹೋಲಿಸುತ್ತಾರೆ. ಕೈಯಲ್ಲಿ ಟ್ಯಾಬ್ ಇಟ್ಟು ಹೊರಟುಹೋಗುವುದಿಲ್ಲ.

ಈಗ ಸ್ವಲ್ಪ ಲೆಕ್ಕ. ನಿಮಗೆ ಲೆಕ್ಕ ಬೇಸರವಾದರೂ ಇದೊಂದನ್ನು ದಯವಿಟ್ಟು ನೋಡಿ, ನಿಮ್ಮ ತಮ್ಮನಿಗೂ ತೋರಿಸಿ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ ಡಿಮೆನ್ಶಿಯಾ (ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ನೆನಪು, ಬುದ್ಧಿ ಕುಂದುವ ಸ್ಥಿತಿ; ಆಲ್ಝೈಮರ್ ಅದರ ಮುಖ್ಯ ಕಾರಣ) ಇದೆ. ಅಂದರೆ ಸಾವಿರ ಹಿರಿಯರಲ್ಲಿ 74 ಮಂದಿ. ಕಾಯಿಲೆ ಇರುವ ನೂರರಲ್ಲಿ 85 ಮಂದಿಯನ್ನು ಹಿಡಿಯುವ, ಇಲ್ಲದ ನೂರರಲ್ಲಿ 85 ಮಂದಿಗೆ 'ಇಲ್ಲ' ಎಂದೇ ಹೇಳುವ ಪರೀಕ್ಷೆಯೊಂದಿದೆ ಎಂದು ಇಟ್ಟುಕೊಳ್ಳೋಣ. ಒಳ್ಳೆಯ ಪರೀಕ್ಷೆಯೇ ಅದು. ಆ 74ರಲ್ಲಿ ಸುಮಾರು 63 ಮಂದಿ ಸಿಕ್ಕಿಬೀಳುತ್ತಾರೆ, 11 ಮಂದಿ ತಪ್ಪಿಸಿಕೊಳ್ಳುತ್ತಾರೆ. ಉಳಿದ 926 ಮಂದಿಯಲ್ಲಿ ನೂರಕ್ಕೆ 15ರಂತೆ ಸುಮಾರು 139 ಮಂದಿಗೆ ಕಾಯಿಲೆ ಇಲ್ಲದೆಯೂ ಕೆಂಪು ಅಕ್ಷರ ಬರುತ್ತದೆ. ಒಟ್ಟು ಕೆಂಪು 202, ಅದರಲ್ಲಿ ನಿಜವಾದದ್ದು 63. ಮೂವರಲ್ಲಿ ಇಬ್ಬರು ಸುಮ್ಮನೆ ಗಾಬರಿಯಾಗುತ್ತಾರೆ. ಹೋಲಿಕೆಯ ಜನ ಬೇರೆಯಾದಾಗ ಈ ಲೆಕ್ಕ ಇನ್ನೂ ಕೆಡುತ್ತದೆ.

ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆ 2020ರಲ್ಲಿ, ಯಾವ ಲಕ್ಷಣವೂ ಇಲ್ಲದ ಹಿರಿಯರನ್ನೆಲ್ಲ ಸಾಲಾಗಿ ಇಂಥ ಪರೀಕ್ಷೆಗೆ ಒಳಪಡಿಸುವುದರಿಂದ ಲಾಭವೋ ನಷ್ಟವೋ ಹೇಳಲು ಸಾಕಷ್ಟು ಪುರಾವೆ ಇಲ್ಲ ಎಂದದ್ದು ಸುಮ್ಮನೆ ಅಲ್ಲ. ಆದರೆ ಗಮನಿಸಿ, ಆ ಮಾತು ಲಕ್ಷಣ ಇಲ್ಲದವರಿಗೆ. ನಿಮ್ಮ ತಾಯಿಯವರಲ್ಲಿ ಲಕ್ಷಣಗಳಿವೆ, ಮನೆಯವರೇ ಕಂಡಿದ್ದಾರೆ. ಅವರಿಗೆ ಬೇಕಾದದ್ದು ಜರಡಿ ಹಿಡಿಯುವ ಪರೀಕ್ಷೆಯನ್ನು ದಾಟಿದ ಮುಂದಿನ ಹಂತ, ಅಂದರೆ ಪೂರ್ಣ ತಪಾಸಣೆ.

ಆ ತಪಾಸಣೆಯ ಅರ್ಧ ಭಾಗ ನಿಮ್ಮ ಪತ್ರದ ಕೊನೆಯ ಮೂರು ಸಾಲುಗಳಲ್ಲೇ ಇದೆ, ನೀವು ಅದನ್ನು ಬೇರೆ ವಿಷಯವೆಂಬಂತೆ ಬರೆದಿದ್ದೀರಿ.

ಮೆಟ್‌ಫಾರ್ಮಿನ್ ಒಳ್ಳೆಯ ಮಾತ್ರೆ. ಆದರೆ ವರ್ಷಗಟ್ಟಲೆ ತೆಗೆದುಕೊಂಡರೆ ದೇಹ ಬಿ12 ಜೀವಸತ್ವವನ್ನು ಹೀರಿಕೊಳ್ಳುವುದು ಕಡಿಮೆಯಾಗಬಹುದು. ಅದರ ಜೊತೆಗೆ ಊಟ ಸಸ್ಯಾಹಾರವೇ ಆಗಿದ್ದರೆ, ಗ್ಯಾಸಿಗೆಂದು ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಯೂ ದಿನಾ ಹೋಗುತ್ತಿದ್ದರೆ, ಕೊರತೆಯ ಸಾಧ್ಯತೆ ಇನ್ನೂ ಹೆಚ್ಚು. ಬಿ12 ಕೊರತೆ ಮರೆವು ತರುತ್ತದೆ, ಕಾಲು ಜೋಮು ತರುತ್ತದೆ, ಮಂಕು ತರುತ್ತದೆ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಬೇಗ ಕಂಡುಕೊಂಡರೆ ಚುಚ್ಚುಮದ್ದಿನಲ್ಲೋ ಮಾತ್ರೆಯಲ್ಲೋ ಸರಿಪಡಿಸಬಹುದು. ಥೈರಾಯ್ಡ್, ಸೋಡಿಯಂ, ಮೂತ್ರಪಿಂಡದ ಕೆಲಸ, ಸಕ್ಕರೆಯ ಏರಿಳಿತ ಇವನ್ನೂ ಜೊತೆಗೇ ನೋಡುತ್ತಾರೆ. ಸಕ್ಕರೆ ಪದೇ ಪದೇ ತೀರಾ ಇಳಿಯುವುದೂ ಮೆದುಳಿಗೆ ಒಳ್ಳೆಯದಲ್ಲ.

ನಿದ್ದೆ ಮಾತ್ರೆಯ ಹೆಸರನ್ನು ನೀವು ಬರೆದಿಲ್ಲ. ಅಲ್ಪ್ರಜೋಲಾಮ್, ಕ್ಲೋನಜೆಪಾಮ್ ಗುಂಪಿನದಾಗಿದ್ದರೆ ನನಗೆ ಆಶ್ಚರ್ಯವಾಗದು. ದುಃಖದ ದಿನಗಳಲ್ಲಿ ಒಂದೆರಡು ವಾರಕ್ಕೆಂದು ಬರೆದುಕೊಟ್ಟ ಚೀಟಿಯನ್ನೇ ತೋರಿಸಿ ವರ್ಷಗಟ್ಟಲೆ ಕೊಂಡು ತರುವುದು ನಮ್ಮಲ್ಲಿ ತೀರಾ ಸಾಮಾನ್ಯ. ಈ ಮಾತ್ರೆಗಳು ಹೊಸ ನೆನಪು ಕೂರುವುದನ್ನೇ ತಡೆಯುತ್ತವೆ, ಪ್ರತಿಕ್ರಿಯೆಯನ್ನು ನಿಧಾನವಾಗಿಸುತ್ತವೆ. ಟ್ಯಾಬಿನ ಪರೀಕ್ಷೆ ಅಳೆದದ್ದೂ ಇವೆರಡನ್ನೇ ಅಲ್ಲವೇ? ಆದರೆ ಒಂದು ಎಚ್ಚರಿಕೆ. ಇದನ್ನು ಓದಿ ಇಂದು ರಾತ್ರಿಯೇ ಮಾತ್ರೆ ನಿಲ್ಲಿಸಬೇಡಿ. ಏಕಾಏಕಿ ಬಿಟ್ಟರೆ ನಡುಕ, ಗೊಂದಲ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ವೈದ್ಯರು ವಾರಗಳ ಕಾಲ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ನೆಗಡಿ, ತುರಿಕೆ, ಮೂತ್ರದ ಅವಸರ ಇತ್ಯಾದಿಗಳಿಗೆ ಕೊಡುವ ಕೆಲವು ಮಾತ್ರೆಗಳೂ ಹಿರಿಯರ ನೆನಪನ್ನು ಮಸುಕು ಮಾಡುತ್ತವೆ. ಆದ್ದರಿಂದ ಅಂಗಡಿಯಿಂದ ತಂದದ್ದು, ಪಕ್ಕದ ಮನೆಯವರು ಕೊಟ್ಟದ್ದು ಸೇರಿದಂತೆ ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಆ ಚೀಲ ಎಷ್ಟೋ ಸಲ ಎಂಆರ್‌ಐಗಿಂತ ಹೆಚ್ಚು ಹೇಳುತ್ತದೆ.

ಕಿವಿಯ ವಿಷಯ ಚಿಕ್ಕದು ಎಂದುಕೊಳ್ಳಬೇಡಿ. ಕೇಳಿಸದೆ ಇದ್ದದ್ದು ನೆನಪಿನಲ್ಲಿ ಉಳಿಯುವುದಾದರೂ ಹೇಗೆ? ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಡಿಮೆನ್ಶಿಯಾ ಕುರಿತು ರಚಿಸಿದ ತಜ್ಞರ ಆಯೋಗ 2024ರಲ್ಲಿ ಪಟ್ಟಿಮಾಡಿದ, ನಾವು ಬದಲಿಸಬಹುದಾದ 14 ಅಪಾಯಕಾರಿ ಅಂಶಗಳಲ್ಲಿ ಶ್ರವಣದೋಷ ಒಂದು. ಸಕ್ಕರೆ ಕಾಯಿಲೆ, ಖಿನ್ನತೆ, ಒಂಟಿತನ, ದೃಷ್ಟಿದೋಷ, ಕಡಿಮೆ ಶಿಕ್ಷಣ ಇವೂ ಅದೇ ಪಟ್ಟಿಯಲ್ಲಿವೆ. ಗುಗ್ಗೆ ತೆಗೆಸಿದರೆ ಸಾಕೋ, ಶ್ರವಣ ಸಾಧನ ಬೇಕೋ, ಒಮ್ಮೆ ಕಿವಿಯ ವೈದ್ಯರಿಗೆ ತೋರಿಸಿ.

ಖಿನ್ನತೆಯ ಬಗ್ಗೆ ಸ್ವಲ್ಪ ನಿಲ್ಲಬೇಕು. ಗಂಡನನ್ನು ಕಳೆದುಕೊಂಡ ಹೆಂಗಸರ ಮರೆವಿನಲ್ಲಿ ದುಃಖದ ಪಾಲೆಷ್ಟು, ಕಾಯಿಲೆಯ ಪಾಲೆಷ್ಟು ಎಂದು ಬಿಡಿಸುವುದು ಸುಲಭವಲ್ಲ. ಖಿನ್ನತೆ ಇರುವವರು ಪ್ರಶ್ನೆ ಕೇಳಿದ ಕೂಡಲೇ 'ನನಗೇನೂ ನೆನಪಿರುವುದಿಲ್ಲ, ಬಿಡಿ' ಎಂದು ಕೈಚೆಲ್ಲುವುದು ಹೆಚ್ಚು. ಆಲ್ಝೈಮರ್ ಶುರುವಾದವರು ನಗುತ್ತ ಮಾತು ಮರೆಸುವುದು ಹೆಚ್ಚು: 'ಇವತ್ತು ತಿಥಿ ಯಾವುದೋ, ಕ್ಯಾಲೆಂಡರ್ ನೋಡಿ ಹೇಳಬೇಕಪ್ಪ.' ಇದು ಕಟ್ಟುನಿಟ್ಟಾದ ನಿಯಮವೇನಲ್ಲ. ಎರಡೂ ಒಟ್ಟಿಗೆ ಇರುವುದೂ ಉಂಟು. ಆದರೆ ಎದುರು ಕುಳಿತವರಿಗೆ ಈ ವ್ಯತ್ಯಾಸ ಕಾಣುತ್ತದೆ, ಪರದೆಗೆ ಇಬ್ಬರದೂ 'ಉತ್ತರ ತಪ್ಪು' ಅಷ್ಟೇ.

ಎಲ್ಲಿಗೆ ಹೋಗಬೇಕು? ಹುಬ್ಬಳ್ಳಿಯವರಾದ ನಿಮಗೆ ದೂರದ ಪ್ರಯಾಣ ಬೇಕಿಲ್ಲ. ಊರಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ನರರೋಗ ವಿಭಾಗ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಎರಡೂ ಕೈಗೆಟಕುವಲ್ಲೇ ಇವೆ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಆರಂಭಿಸಿದ ಮೆದುಳಿನ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾಸ್ಪತ್ರೆಗಳಲ್ಲೂ ಮೆದುಳು ಆರೋಗ್ಯ ಕ್ಲಿನಿಕ್‌ಗಳು ತೆರೆದಿವೆ, ಅಲ್ಲಿಯೂ ವಿಚಾರಿಸಿ. ಹೋಗುವಾಗ ಟ್ಯಾಬಿನ ವರದಿಯನ್ನು ಒಯ್ದರೆ ತಪ್ಪೇನಿಲ್ಲ, ಆದರೆ ಅದಕ್ಕಿಂತ ಕಳೆದ ಎರಡು ವರ್ಷದ ಹಾಲಿನ ಕ್ಯಾಲೆಂಡರುಗಳನ್ನು ಒಯ್ಯಿರಿ. ನಾನು ಹಾಸ್ಯ ಮಾಡುತ್ತಿಲ್ಲ. ಯಾವ ತಿಂಗಳಿನಿಂದ ಲೆಕ್ಕ ಕೆಡತೊಡಗಿತು, ಬರವಣಿಗೆ ಬದಲಾಗಿದೆಯೇ, ಒಂದೇ ದಿನಕ್ಕೆ ಎರಡು ಸಲ ಗುರುತು ಬಿದ್ದಿದೆಯೇ, ಇಡೀ ವಾರಗಳು ಖಾಲಿ ಉಳಿದಿವೆಯೇ, ಎಲ್ಲವೂ ತಾರೀಖಿನ ಸಮೇತ ಅಲ್ಲಿರುತ್ತದೆ. ಅಮ್ಮನನ್ನು ಅಮೆರಿಕದವರ ಜೊತೆಗಲ್ಲ, ಎರಡು ವರ್ಷದ ಹಿಂದಿನ ಅಮ್ಮನ ಜೊತೆಗೆ ಹೋಲಿಸುವ ದಾಖಲೆ ಅದು. ವೈದ್ಯರು ನಿಮ್ಮನ್ನು ಬೇರೆಯಾಗಿ ಕೂರಿಸಿ ಪ್ರಶ್ನೆ ಕೇಳಬಹುದು. ಮನೆಯವರಿಗಾಗಿಯೇ ಇರುವ ಎಡಿ8 ಎಂಬ ಎಂಟು ಪ್ರಶ್ನೆಗಳ ಪಟ್ಟಿಯಲ್ಲಿ ಕೇಳುವುದೂ ಇಷ್ಟೇ: ಮೊದಲಿಗಿಂತ ಬದಲಾವಣೆ ಕಂಡಿದೆಯೇ? ಏಳನೆಯ ತರಗತಿಯೋ ಎಂ.ಎ.ಯೋ, ಈ ಪ್ರಶ್ನೆಗೆ ಓದಿನ ಹಂಗು ಕಡಿಮೆ.

ತಪಾಸಣೆಯ ಕೊನೆಗೆ ಮೂರರಲ್ಲಿ ಒಂದು ಉತ್ತರ ಸಿಗಬಹುದು. ಸರಿಪಡಿಸಬಹುದಾದ ಕಾರಣ ಸಿಕ್ಕರೆ ಅದಕ್ಕೆ ಚಿಕಿತ್ಸೆ. ಡಿಮೆನ್ಶಿಯಾ ಎಂದಾದರೆ ಔಷಧವಿದೆ, ಗುಣಪಡಿಸುವಂಥದ್ದಲ್ಲದಿದ್ದರೂ ಕೆಲವರಿಗೆ ಉಪಯೋಗವಿದೆ; ಹಣಕಾಸು, ಆಸ್ತಿ ಪತ್ರಗಳ ವಿಷಯವನ್ನು ಅಮ್ಮನೇ ತೀರ್ಮಾನಿಸಬಲ್ಲ ಹೊತ್ತಿನಲ್ಲಿ ಮುಗಿಸಿಕೊಳ್ಳಲು ಸಮಯವೂ ಸಿಗುತ್ತದೆ. ಮೂರನೆಯದು, ವಯೋಸಹಜ ಮರೆವು ಮತ್ತು ಡಿಮೆನ್ಶಿಯಾದ ನಡುವಿನ ಎಂಸಿಐ, ಅಂದರೆ ಪರೀಕ್ಷೆಯಲ್ಲಿ ಕುಂದು ಕಾಣುತ್ತದೆ ಆದರೆ ದಿನನಿತ್ಯದ ಬದುಕು ಬಹುಮಟ್ಟಿಗೆ ನಡೆಯುತ್ತಿರುತ್ತದೆ ಎಂಬ ಸ್ಥಿತಿ. ಇವರಲ್ಲಿ ಕೆಲವರು ವರ್ಷಗಳಲ್ಲಿ ಡಿಮೆನ್ಶಿಯಾದತ್ತ ಸಾಗುತ್ತಾರೆ, ಹಲವರು ಇದ್ದಲ್ಲೇ ಇರುತ್ತಾರೆ, ಇನ್ನು ಕೆಲವರು ಮರಳಿ ಮೊದಲಿನಂತಾಗುತ್ತಾರೆ. ಎಂಸಿಐ ಎಂದು ಬಂದರೆ ಆಗ ಕಂಪ್ಯೂಟರ್ ಪರೀಕ್ಷೆ ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಅದೇ ವ್ಯಕ್ತಿಯನ್ನು ಕಾಲಕಾಲಕ್ಕೆ ಅಳೆದು ನೋಡಲು.

ತಿಂಗಳಿಗೊಮ್ಮೆ ಬೇಡ. ಪದೇ ಪದೇ ಮಾಡಿಸಿದರೆ ಆಟ ರೂಢಿಯಾಗಿ ಅಂಕ ಏರುತ್ತದೆ, ನೆನಪು ಸುಧಾರಿಸಿತು ಎಂದು ನೀವು ಸುಮ್ಮನಾಗುತ್ತೀರಿ. ಇಲ್ಲವೇ ಜ್ವರ ಬಂದ ವಾರ ಅಂಕ ಇಳಿದು ಮನೆಯಲ್ಲಿ ಮತ್ತೆ ಅಳು. ವೈದ್ಯರು ಹೇಳಿದರೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ, ಅದೇ ಟ್ಯಾಬಿನಲ್ಲಿ, ಬೆಳಗಿನ ಹೊತ್ತು, ತಿಂಡಿಯಾದ ಮೇಲೆ, ಕನ್ನಡಕ ಹಾಕಿಕೊಂಡು, ಟಿ.ವಿ. ಆರಿಸಿ, ಕನ್ನಡದಲ್ಲಿ ಸೂಚನೆ ಕೊಟ್ಟು, ಅಂಕಕ್ಕೆ ಸೇರದ ಒಂದು ಅಭ್ಯಾಸದ ಸುತ್ತು ಆಡಿಸಿದ ಮೇಲೆ ಮಾಡಿಸಿ. ಪಕ್ಕದಲ್ಲಿ ಕುಳಿತವರು ಸುಳಿವು ಕೊಡಬಾರದು, ಅವಸರವನ್ನೂ ಮಾಡಬಾರದು. ಆ್ಯಪ್ ಆ ಅಂಕಗಳನ್ನು ಯಾರೊಂದಿಗೆ ಹಂಚಿಕೊಳ್ಳುತ್ತದೆ ಎಂಬುದನ್ನು ನಿಮ್ಮ ತಮ್ಮ ಓದಿ ನೋಡಲಿ.

ಹಣ ಕಟ್ಟಿ ಆಡಿಸುವ ಮೆದುಳಿನ ಆಟಗಳಿಗೆ ನನ್ನ ಉತ್ತರ ಚಿಕ್ಕದು: ಬೇಡ. ಲ್ಯುಮೋಸಿಟಿ ಎಂಬ ಪ್ರಸಿದ್ಧ ಆಟಗಳ ಕಂಪನಿ ವಯೋಸಹಜ ಮರೆವನ್ನು ತಡೆಯುತ್ತೇವೆ ಎಂಬರ್ಥದ ಜಾಹೀರಾತು ಕೊಟ್ಟು, ಅಮೆರಿಕದ ವ್ಯಾಪಾರ ಆಯೋಗದ ಆಕ್ಷೇಪಕ್ಕೆ ಗುರಿಯಾಗಿ, 2016ರಲ್ಲಿ 20 ಲಕ್ಷ ಡಾಲರ್ ತೆತ್ತು ಪ್ರಕರಣವನ್ನು ಮುಗಿಸಿಕೊಂಡಿತು. ಆಟ ಆಡಿದವರು ಆ ಆಟದಲ್ಲಿ ಜಾಣರಾಗುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಪರೀಕ್ಷೆ ಮಾಡಿ ಹೆದರಿಸುವವರೂ ಔಷಧಿ ಮಾರುವವರೂ ಒಬ್ಬರೇ ಆಗಿದ್ದರೆ ಎಚ್ಚರದಿಂದಿರುವುದು ಒಳ್ಳೆಯದು. ಆ ಹಣದಲ್ಲಿ ಕಿವಿ ತಪಾಸಣೆ ಮಾಡಿಸಿ.

ಅಮ್ಮನಿಗೆ ಏನು ಹೇಳುವುದು ಎಂದು ನೀವು ಕೇಳಿಲ್ಲ, ಆದರೆ ಅವರು ಮಂಕಾಗಿದ್ದಾರೆ ಎಂದಿದ್ದೀರಿ. ಸುಳ್ಳು ಸಮಾಧಾನ ಬೇಡ, ಅವರಿಗೂ ತಮ್ಮ ಬದಲಾವಣೆ ಅಲ್ಪಸ್ವಲ್ಪ ಗೊತ್ತಿರುತ್ತದೆ. 'ಆ ಪರೀಕ್ಷೆ ಇಂಗ್ಲಿಷಿನವರಿಗೆ ಮಾಡಿದ್ದು, ಅದರ ಮಾತು ಬಿಡಮ್ಮ. ಆದರೆ ಇಷ್ಟು ವರ್ಷ ಸಕ್ಕರೆ ಮಾತ್ರೆ ತೆಗೆದುಕೊಂಡಿದ್ದೀರಿ, ರಕ್ತ ಒಮ್ಮೆ ಪೂರ್ತಿ ನೋಡಿಸೋಣ, ಕಿವಿಯನ್ನೂ ತೋರಿಸೋಣ' ಎನ್ನಿ. ಇದರಲ್ಲಿ ಒಂದೂ ಸುಳ್ಳಲ್ಲ. ಹಾಲಿನ ಲೆಕ್ಕವನ್ನು ಅವರ ಕೈಯಿಂದ ಕಿತ್ತುಕೊಳ್ಳಬೇಡಿ. ಅವರು ಬರೆಯಲಿ, ತಿಂಗಳ ಕೊನೆಗೆ ಹಣ ಕೊಡುವಾಗ ನೀವು ಜೊತೆಗೆ ಕುಳಿತು ಕೂಡಿಸಿ.

ಇವೆಲ್ಲಕ್ಕೂ ಒಂದೆರಡು ವಾರ ತಡವಾದರೆ ನಡೆಯುತ್ತದೆ. ಕಾಯಬಾರದ್ದು ಬೇರೆ: ಗೊಂದಲ ಗಂಟೆಗಳಲ್ಲೋ ಒಂದೆರಡು ದಿನಗಳಲ್ಲೋ ಏಕಾಏಕಿ ಹೆಚ್ಚಿದರೆ, ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಒಂದು ಕೈಯೋ ಕಾಲೋ ಸೋತರೆ, ಬಿದ್ದು ತಲೆಗೆ ಪೆಟ್ಟಾದ ಕೆಲವು ವಾರಗಳಲ್ಲಿ ಮಂಪರು ಕಾಣಿಸಿಕೊಂಡರೆ, ಯಾವ ನೆನಪಿನ ಪರೀಕ್ಷೆಯ ಗೊಡವೆಗೂ ಹೋಗದೆ ಅದೇ ಗಳಿಗೆಯಲ್ಲಿ 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ.